ನಾಯಿ ಪಾರ್ಕಿನ ಪೂರ್ತಿ ಸುದ್ದಿ

ಬರ್ಕ್ಲಿ, ಕ್ಯಾಲಿಫೋರ್ನಿಯಾ

ಪ್ರೀತಿಯ ಅಪ್ಪ ಅಮ್ಮನಿಗೆ,

ನಾವೆಲ್ಲ ಸೌಖ್ಯ. ಪೆರ್ಲದಲ್ಲಿ ಮಳೆ ಬಿಟ್ಟಿತಾ, ಅಡಿಕೆ ಕೊಯ್ಲಿಕ್ಕೆ ಜನ ಸಿಕ್ಕಿದ್ರಾ?

ಅಪ್ಪ, ಮೊನ್ನೆ ಫೋನಲ್ಲಿ ನಾಯಿಗೂ ಪಾರ್ಕ್ ಉಂಟು ಅಂದದ್ದಕ್ಕೆ "ಹಾಗಾದ್ರೆ ಅದಕ್ಕೆ ಓದ್ಲಿಕ್ಕೆ ಪೇಪರೂ ಹಾಕ್ಸಿ" ಅಂತ ನಗಾಡಿದ್ರಲ್ಲ, ನಗಾಡಿ ಅಡ್ಡಿಲ್ಲ, ಆದ್ರೆ ಪೂರ್ತಿ ಕೇಳಿ. ಊರಲ್ಲಿ ನಮ್ಮ ನಾಯಿ ಬೊಗ್ಗುವನ್ನು ರಾತ್ರಿ ಬಿಟ್ರೆ ತೋಟ ಇಡೀ ಸುತ್ತಿ ಬರ್ತದೆ, ಇಲ್ಲಿ ಮನೆಯಿಂದ ಹೊರಗೆ ಕಾಲಿಟ್ರೆ ಬೆಲ್ಟು ಬಿಚ್ಚುವ ಹಾಗಿಲ್ಲ, ಮತ್ತೆ ಇಲ್ಲಿಯ ನಾಯಿ ಓಡುವುದೆಲ್ಲಿ?

ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಓಲೋನಿ ಪಾರ್ಕ್ ಅಂತ ಉಂಟು. ರೈಲು ನೆಲದಡಿ ಹಾಕ್ಲಿಕ್ಕೆ ಮನೆಗಳನ್ನು ಕೆಡವಿದ ಜಾಗ ಅದು, ಅದರದ್ದೇ ಒಂದು ಮೂಲೆಯನ್ನು 1979ರಲ್ಲಿ ನಾಯಿಗಳು ಬೆಲ್ಟಿಲ್ಲದೆ ಓಡ್ಲಿಕ್ಕೆ ಬಿಟ್ಟುಕೊಟ್ಟದ್ದು, ಅಮೆರಿಕದಲ್ಲಿ ಇಂಥದ್ದು ಅದೇ ಮೊದಲು ಅಂತಾರೆ. ದೊಡ್ಡದೇನಲ್ಲ, ಸುತ್ತ ಬೇಲಿ, ಹುಲ್ಲು ಹಾಕಿದ್ರೆ ಕೆಸರಾಗ್ತದೆ ಅಂತ ನೆಲಕ್ಕೆ ಮರದ ಚಕ್ಕೆ.

ನಂಗೆ ಭಾರೀ ಇಷ್ಟ ಆದದ್ದು ಅಲ್ಲಿಯ ಗೇಟು. ಒಂದಲ್ಲ, ಎರಡು. ಮೊದಲನೇದು ದಾಟಿ ಅದನ್ನು ಹಾಕಿ, ನಡುವಿನ ಸಣ್ಣ ಜಾಗದಲ್ಲಿ ನಿಂತು ಬೆಲ್ಟು ಬಿಚ್ಚಿ, ಆಮೇಲೆ ಎರಡನೇದು ತೆಗೀಬೇಕು. ಹೀಗಾದ್ರೆ ಒಳಗಿನ ನಾಯಿ ರಸ್ತೆಗೆ ಓಡುವುದಿಲ್ಲ. ಬೆಲ್ಟಿನ ಸಮೇತ ಒಳಗೆ ತಂದ್ರೆ ಇನ್ನೂ ಕಷ್ಟ, ಬಿಟ್ಟ ನಾಯಿಗಳ ಮಧ್ಯೆ ಕಟ್ಟಿದ ನಾಯಿ ಹೆದರಿ ಕಚ್ಚಾಟಕ್ಕೇ ಹೋಗ್ತದೆ. ಬೆದೆಗೆ ಬಂದ ಹೆಣ್ಣುನಾಯಿ ತರುವ ಹಾಗಿಲ್ಲ, ರೇಬೀಸ್ ಇಂಜೆಕ್ಷನ್ ಆಗಿರ್ಬೇಕು, ಕಕ್ಕ ನಾವೇ ಹೆಕ್ಕಬೇಕು (ನಿಮ್ಮ ಅಳಿಯ ಆ ಹೊತ್ತಿಗೆ ಸರಿಯಾಗಿ ಫೋನ್ ತೆಗೀತಾರೆ). ಪಕ್ಕದ ಮನೆಯವರಿಗೆ ಬೊಗಳುವ ಸದ್ದಿನ ಕಿರಿಕಿರಿ ಉಂಟು, ಅದು ಸುಳ್ಳಲ್ಲ.

ಇದೆಲ್ಲ ಬರ್ದದ್ದು ತಮ್ಮನಿಗಾಗಿ. ವಿದ್ಯಾನಗರದ ಫ್ಲ್ಯಾಟಲ್ಲಿ ಲ್ಯಾಬ್ರಡಾರ್ ಸಾಕಿ ಅಸೋಸಿಯೇಶನಿನವರ ಹತ್ರ ದಿನಾ ಬೈಸಿಕೊಳ್ತಾನಲ್ಲ, ಜಗಳ ಮಾಡುವ ಬದಲು ನಾಯಿ ಸಾಕಿದ ನಾಲ್ಕು ಮನೆಯವರನ್ನು ಸೇರಿಸಿ ಖಾಲಿ ಬಿದ್ದ ಒಂದು ಸೈಟಿಗೆ ಬೇಲಿ, ಎರಡು ಗೇಟು, ನೀರು ಇಷ್ಟು ಮಾಡ್ಲಿಕ್ಕೆ ಕೌನ್ಸಿಲರನ್ನು ಕೇಳ್ಲಿ. ದೊಡ್ಡ ಜಾಗ ಬೇಡ, ಹತ್ತಿರ ಇದ್ರೆ ಸಾಕು, ದೂರ ಇದ್ರೆ ಯಾರೂ ದಿನಾ ಹೋಗುವುದಿಲ್ಲ. ಬೀದಿನಾಯಿಗೇ ದಾರಿ ಕಾಣದ ಊರಲ್ಲಿ ಇದೆಂತದ್ದು ಅಂತ ಜನ ಕೇಳಿಯಾರು, ಕೇಳ್ಲಿ, ಅದಕ್ಕೆ ಇದು ಮದ್ದಲ್ಲ ಅಂತ ಮೊದಲೇ ಹೇಳಿಬಿಡ್ಲಿ. ಮಳೆಗಾಲದಲ್ಲಿ ಮರದ ಚಕ್ಕೆ ಕೊಳೆತುಹೋದೀತು, ಜಲ್ಲಿಪುಡಿಯೇ ವಾಸಿ ಅಂತ ನನ್ನ ಲೆಕ್ಕ, ಅಪ್ಪ ಎಂತ ಹೇಳ್ತೀರಿ?

ಅಮ್ಮ, ಮಾಂಬಳ ಕಳಿಸುದಾದ್ರೆ ಈ ಸಲ ಪ್ಲಾಸ್ಟಿಕ್ ಎರಡು ಸುತ್ತು ಹಾಕಿ.

ನಿಮ್ಮ ಮಗಳು