ಡೆಕಲ್ ಕೆಲಸ ಕೊನೆಗಿರಲಿ ಎನ್ನಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಸ್ಕೇಲ್ ಮಾಡೆಲ್, ಅಂದರೆ ವಿಮಾನ, ಟ್ಯಾಂಕಿನಂಥವುಗಳ ಪುಟ್ಟ ಪ್ರತಿಕೃತಿ ಕಟ್ಟುವ ಹವ್ಯಾಸದ ಬಗ್ಗೆ ಬಂದ ಲೇಖನ ಓದಿ ಖುಷಿಯಾಯಿತು. ಕನ್ನಡ ಪತ್ರಿಕೆಯಲ್ಲಿ ಈ ವಿಷಯಕ್ಕೆ ಅರ್ಧ ಪುಟ ಸಿಗುವುದೇ ಅಪರೂಪ. ಆದರೆ ಅದರಲ್ಲಿದ್ದ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ಬಣ್ಣ ಒಣಗಿದ ಮೇಲೆ ಡೆಕಲ್ (ಹೆಸರು, ಗೆರೆ, ಚಿತ್ರ ಅಚ್ಚಾದ ತೆಳ್ಳನೆಯ ಪದರ) ನೀರಿಗೆ ಅದ್ದಿ ಅಂಟಿಸಿದರೆ ಕೆಲಸ ಮುಗಿಯಿತು ಎಂದು ಬರೆದಿದ್ದೀರಿ. ಯುದ್ಧವಿಮಾನಕ್ಕೋ ಟ್ಯಾಂಕಿಗೋ ಆ ಮಾತು ಹೇಗೋ ನಡೆದೀತು. ಅವುಗಳ ಮೇಲೆ ಮಣ್ಣಿನ ಬಣ್ಣ, ಮಸಿ, ಗೀರು ಎಲ್ಲ ಇರುತ್ತದೆ, ಸಣ್ಣಪುಟ್ಟ ಕುಂದು ಕಾಣುವುದಿಲ್ಲ. ಪ್ರಯಾಣಿಕರ ವಿಮಾನ ಹಾಗಲ್ಲ. ಬೆಳ್ಳಗೆ ಹೊಳೆಯುವ ಮೈ, ಅದರ ಮೇಲೆ ನೆಟ್ಟಗೆ ಓಡುವ ಗೆರೆ, ಸಾಲು ಕಿಟಕಿ, ಕಂಪನಿಯ ಹೆಸರು. ಬೇರೇನೂ ಇಲ್ಲ. ಅರ್ಧ ಕೆಲಸ ಡೆಕಲ್ಲಿನದೇ.

ನಾನು ಹುಬ್ಬಳ್ಳಿಯವಳು. ನಾನೂ ನಮ್ಮ ಯಜಮಾನರೂ ಸೇರಿ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ನಡೆಸುತ್ತೇವೆ. ಲಗ್ನಪತ್ರಿಕೆ, ಬಟ್ಟೆ ಚೀಲ, ಗಾಡಿ ಮೇಲಿನ ಸ್ಟಿಕ್ಕರ್, ಇವೇ ನಮ್ಮ ದಿನದ ಕೆಲಸ. ರಾತ್ರಿ ಊಟ ಆದಮೇಲೆ ಒಂದಿಷ್ಟು ಹೊತ್ತು ನನ್ನ ವಿಮಾನಗಳು. ಹಾಗಾಗಿ ಡೆಕಲ್ ಹಾಳೆ ಕೈಗೆ ಬಂದರೆ ಅದು ನನಗೆ ಪರಿಚಯದ ವಸ್ತು. ಮೊದಲಿನ ಹೊಲಿಗೆ ಯಂತ್ರಗಳ ಕಪ್ಪು ಮೈಮೇಲಿನ ಚಿನ್ನದ ಬಣ್ಣದ ಚಿತ್ತಾರವೂ ಇದೇ ಜಾತಿಯದು. ಕೆಳಗೆ ಕಾಗದ, ಅದರ ಮೇಲೆ ಗಂಜಿಯಿಂದ ಮಾಡಿದ ಅಂಟು, ಅದರ ಮೇಲೆ ತೆಳ್ಳನೆಯ ಲ್ಯಾಕರ್ ಪದರ, ಅದರ ಮೇಲೆ ಶಾಯಿ. ನೀರಿಗೆ ಹಾಕಿದರೆ ಅಂಟು ಕರಗುತ್ತದೆ, ಮೇಲಿನ ಪದರ ಸಡಿಲವಾಗಿ ಜಾರುತ್ತದೆ. ಇದನ್ನು ಸ್ಟಿಕ್ಕರ್ ಅಂದುಕೊಂಡು ಕೈ ಹಾಕಿದವರಿಗೆ ಕಷ್ಟ ಶುರುವಾಗುತ್ತದೆ. ಸ್ಟಿಕ್ಕರಿಗೆ ತನ್ನದೇ ದಪ್ಪ ಇದೆ, ಗಟ್ಟಿ ಅಂಟಿದೆ. ಡೆಕಲ್ಲಿಗೆ ಎರಡೂ ಇಲ್ಲ. ಕೆಳಗಿನ ಮೈ ಹೇಗಿದೆಯೋ ಅದೂ ಹಾಗೆ.

ಈ ಪತ್ರ ಬರೆಯಲು ಕಾರಣ ನಮ್ಮ ಅಕ್ಕನ ಮಗ. ಒಂಬತ್ತನೇ ಕ್ಲಾಸು. ದೀಪಾವಳಿ ರಜೆಯಲ್ಲಿ ವಿಮಾನದ ಬಿಡಿಭಾಗಗಳಿರುವ ಕಿಟ್ ತರಿಸಿಕೊಂಡು ತುಂಬಾ ಚೆನ್ನಾಗಿ ಜೋಡಿಸಿದ್ದ. ರೆಕ್ಕೆಯ ಸಂದು ಕೂಡ ಕಾಣದಂತೆ ಉಜ್ಜಿದ್ದ. ಅಂಗಡಿಯವರು ಕೊಟ್ಟರು ಅಂತ ಹೊಳಪಿಲ್ಲದ ಬಿಳಿ ಬಣ್ಣ ಹೊಡೆದು ಅದರ ಮೇಲೆ ಡೆಕಲ್ ಹಾಕಿದ. ಒಣಗಿದ ಮೇಲೆ ನೋಡಿದರೆ ಪ್ರತಿ ಅಕ್ಷರದ ಸುತ್ತ ಬೂದು ಬೆಳ್ಳಿ ಬಣ್ಣದ ಮಂಜು. ಮಾಡೆಲ್ಲನ್ನು ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸಿಬಿಟ್ಟ. "ಚಿಕ್ಕಮ್ಮ, ನನ್ನ ಕೈಲಿ ಆಗಲ್ಲ ಇದು" ಅಂದ. ಅಷ್ಟು ಚೆಂದ ಕೆಲಸ ಮಾಡುವ ಹುಡುಗ ಹೀಗೆ ಕೈಬಿಡುವುದು ನನಗೆ ಸಹಿಸಲಾಗಲಿಲ್ಲ. ನಿಮ್ಮ ಲೇಖನ ಓದಿ ಕಿಟ್ ಕೊಂಡ ಮಕ್ಕಳಲ್ಲೂ ಹಲವರು ಇದೇ ಜಾಗಕ್ಕೆ ಬಂದು ನಿಲ್ಲುತ್ತಾರೆ.

ಆ ಬೆಳ್ಳಿ ಮಂಜು ಬರುವುದು ಗಾಳಿಯಿಂದ. ಹೊಳಪಿಲ್ಲದ ಬಣ್ಣದ ಮೈ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುತಗ್ಗಿನದು. ಡೆಕಲ್ ಉಬ್ಬುಗಳ ತುದಿಯ ಮೇಲೆ ಕೂರುತ್ತದೆ, ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ, ಬೆಳಕು ಬಿದ್ದಾಗ ಅದೇ ಬೆಳ್ಳಗೆ ಹೊಳೆಯುತ್ತದೆ. ಪರಿಹಾರ ಡೆಕಲ್ಲಿನಲ್ಲಿಲ್ಲ, ಕೆಳಗಿನ ಬಣ್ಣದಲ್ಲಿದೆ. ಹೊಳಪಿನ ಬಿಳಿಯನ್ನೇ ಹೊಡೆಯಬೇಕು, ಇಲ್ಲವೇ ಯಾವ ಬಣ್ಣವಾದರೂ ಅದರ ಮೇಲೆ ಹೊಳಪಿನ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಕೊಡಬೇಕು. ಹೊಳಪಿನ ಬಣ್ಣ ಹೊಡೆದರೂ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ ಬಂದಿದ್ದರೆ ಸಾಲದು. ಗಾಡಿಗೆ ಪೇಂಟ್ ಹೊಡೆಯುವವರು ಬಳಸುವ 2000 ನಂಬರಿನ ವಾಟರ್ ಪೇಪರ್ ತಂದು, ನೀರು ಹಾಕಿ, ಬೆರಳಿಗೆ ಒತ್ತಡ ಕೊಡದೆ ಉಜ್ಜಬೇಕು. ಇದಕ್ಕೇ ನಾನು ಹೇಳುವುದು, ಡೆಕಲ್ಲಿನ ಯೋಚನೆ ಬಣ್ಣದ ಡಬ್ಬಿ ಕೊಳ್ಳುವಾಗಲೇ ಶುರುವಾಗಬೇಕು ಅಂತ.

ಬಣ್ಣ ಒಣಗಿದೆಯೋ ಇಲ್ಲವೋ ಎಂದು ಬೆರಳಿನಿಂದ ಮುಟ್ಟಿ ನೋಡಬೇಡಿ. ಮೂಗಿನ ಹತ್ತಿರ ಹಿಡಿದು ನೋಡಿ. ಪೇಂಟಿನ ವಾಸನೆ ಬರುತ್ತಿದ್ದರೆ ಒಳಗೆ ಇನ್ನೂ ಹಸಿ ಇದೆ ಎಂದೇ ಲೆಕ್ಕ. ಎನಾಮಲ್ ಆದರೆ ಹಲವು ದಿನ ಬಿಡಬೇಕಾಗುತ್ತದೆ.

ಇನ್ನೊಂದು ವಿಷಯ ಯಾವ ಕಿಟ್ಟಿನ ಸೂಚನೆ ಹಾಳೆಯಲ್ಲೂ ನಾನು ನೋಡಿಲ್ಲ. ಅದು ನೀರು. ನಮ್ಮ ಕಡೆ ಬೋರ್‌ವೆಲ್ ನೀರು ಎಷ್ಟು ಗಡಸು ಎಂದು ಗೊತ್ತೇ ಇದೆ. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುವುದಿಲ್ಲವೇ, ಅದೇ ಉಪ್ಪು ಡೆಕಲ್ಲಿನ ಅಡಿಯಲ್ಲೂ ಅಂಚಿನಲ್ಲೂ ಒಣಗಿ ಕಲೆಯಾಗುತ್ತದೆ. ಕೆಂಪು, ನೀಲಿ ಗೆರೆಗಳ ಮೇಲೆ ಇನ್ನೂ ಜಾಸ್ತಿ ಎದ್ದು ಕಾಣುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದಿಟ್ಟುಕೊಂಡರೆ ಹಲವು ಮಾಡೆಲ್‌ಗಳಿಗೆ ಸಾಕು. ಉಗುರುಬೆಚ್ಚಗೆ ಮಾಡಿಕೊಂಡರೆ ಅಂಟೂ ಬೇಗ ಬಿಡುತ್ತದೆ.

ಈಗ ಕಿಟಕಿ ಸಾಲಿನ ಮಾತು. ನಾನು ಈಚೆಗೆ ಕಟ್ಟಿದ್ದು 1/144 ಅಳತೆಯ, ಅಂದರೆ ನಿಜ ವಿಮಾನದ 144ನೇ ಒಂದು ಭಾಗದಷ್ಟು ಉದ್ದದ ಬೋಯಿಂಗ್ 747-200, ಏರ್ ಇಂಡಿಯಾದ ಹಳೆಯ ವೇಷದ್ದು. ಏರ್ ಇಂಡಿಯಾಕ್ಕೆ ಮೊದಲ 747 ಬಂದದ್ದು 1971ರಲ್ಲಿ. ಅದಕ್ಕೆ ಸಾಮ್ರಾಟ್ ಅಶೋಕ ಎಂದು ಹೆಸರಿಟ್ಟರು. ಆಮೇಲೆ ಬಂದ 747-200ಗಳಿಗೂ ರಾಜರ, ಚಕ್ರವರ್ತಿಗಳ ಹೆಸರುಗಳೇ. ಅದರಲ್ಲಿ ನಮ್ಮ ಕೃಷ್ಣದೇವರಾಯನೂ ಒಬ್ಬ. ಹಂಪಿಗೆ ಇಷ್ಟು ಹತ್ತಿರ ಇದ್ದುಕೊಂಡು ಬೇರೆ ಹೆಸರಿನ ವಿಮಾನ ಕಟ್ಟಲು ನನಗೆ ಮನಸ್ಸಾಗಲಿಲ್ಲ. ಆಕಾಶದಲ್ಲಿ ನಿಮ್ಮ ಅರಮನೆ ಎಂದು ಕಂಪನಿ ಜಾಹೀರಾತು ಕೊಡುತ್ತಿತ್ತು. ಅದಕ್ಕೆ ತಕ್ಕ ಹಾಗೆ ಪ್ರತಿ ಕಿಟಕಿಯ ಸುತ್ತ ರಾಜಸ್ಥಾನದ ಅರಮನೆಗಳ ಝರೋಕಾ ಕಿಟಕಿಯಂಥ ಕೆಂಪು ಕಮಾನು. ನಿಜ ವಿಮಾನ 70 ಮೀಟರಿಗಿಂತ ಉದ್ದ. ಮಾಡೆಲ್ ಸುಮಾರು 49 ಸೆಂಟಿಮೀಟರ್. ಒಂದೊಂದು ಕಿಟಕಿ ಎರಡು ಮೂರು ಮಿಲಿಮೀಟರ್, ಅದರ ಮೇಲೆ ಕೂದಲೆಳೆಯಷ್ಟು ಸಣ್ಣ ಕಮಾನು. ಈ ಸಾಲು ಒಂದು ಡಿಗ್ರಿ ಓರೆಯಾದರೂ ಬಾಗಿಲಲ್ಲಿ ನಿಂತವರಿಗೇ ಗೊತ್ತಾಗುತ್ತದೆ.

ಇಷ್ಟುದ್ದದ ಸಾಲನ್ನು ಒಂದೇ ತುಂಡಾಗಿ ಹಾಕಲು ಹೋಗಬಾರದು. ಅದು ತಿರುಚಿಕೊಳ್ಳುತ್ತದೆ, ತನ್ನ ಮೇಲೆ ತಾನೇ ಮಡಚಿಕೊಂಡು ಅಂಟಿಬಿಡುತ್ತದೆ. 747ಕ್ಕೆ ಒಂದೊಂದು ಮಗ್ಗುಲಿಗೂ ಕೆಳಗಿನ ಮಹಡಿಯಲ್ಲಿ ಐದೈದು ಬಾಗಿಲು. ಬಾಗಿಲು ಬಂದಲ್ಲಿ ಕತ್ತರಿಸಿದರೆ ಸೇರಿಕೆ ಯಾರಿಗೂ ಕಾಣುವುದಿಲ್ಲ. ಮೊದಲು ಮೂಗಿನಿಂದ ಬಾಲದವರೆಗೆ ಮಾಸ್ಕಿಂಗ್ ಟೇಪನ್ನು ಕಿಟಕಿ ಸಾಲಿನ ಕೆಳಗೆ ನೇರವಾಗಿ ಹಚ್ಚಿ. ಟೇಪ್ ನೇರ ಇದೆಯೋ ಎಂದು ಮೇಲಿನಿಂದ ನೋಡಬೇಡಿ. ಮಾಡೆಲ್ಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಮೂಗಿನ ಕಡೆಯಿಂದ ಒಂದೇ ಕಣ್ಣಲ್ಲಿ ನೋಡಿ. ಒಂದು ಮಗ್ಗುಲು ಮುಗಿದ ಮೇಲೆ ಇನ್ನೊಂದು ಮಗ್ಗುಲಿನ ಎತ್ತರವನ್ನು ಸ್ಕೇಲ್ ಇಟ್ಟು ಅಳೆಯಿರಿ, ಅಂದಾಜು ಬೇಡ.

ಡೆಕಲ್ಲನ್ನು ಚಿಮಟದಲ್ಲಿ ಹಿಡಿದು ಎಳೆಯಬಾರದು. ಕಾಗದದ ಸಮೇತ ಜಾಗಕ್ಕೆ ಒಯ್ದು, ಒದ್ದೆ ಬ್ರಷ್ಷಿನಿಂದ ಡೆಕಲ್ಲನ್ನು ಒತ್ತಿಟ್ಟುಕೊಂಡು, ಅಡಿಯಿಂದ ಕಾಗದವನ್ನು ಜಾರಿಸಿ ತೆಗೆಯಬೇಕು. ಕೂರಿಸುವ ಜಾಗ ಮೊದಲೇ ಒದ್ದೆ ಇದ್ದರೆ ಡೆಕಲ್ ತೇಲುತ್ತದೆ, ಬೇಕಾದಂತೆ ಸರಿಸಲು ಸಮಯ ಸಿಗುತ್ತದೆ. ಬಾಗಿಲಿನ ಪಕ್ಕದ ಕಿಟಕಿಯನ್ನು ಮೊದಲು ಸರಿಮಾಡಿಕೊಳ್ಳಿ, ಉಳಿದ ಸಾಲು ಟೇಪಿನ ಗುಂಟ ಬರುತ್ತದೆ. ಆಮೇಲೆ ಹತ್ತಿ ಕಡ್ಡಿಯಿಂದ ನಡುವಿನಿಂದ ಅಂಚಿನ ಕಡೆಗೆ ನೀರು ಹೊರಡಿಸಿ. ಅಂಚಿನಿಂದ ನಡುವಿಗೆ ಒತ್ತಿದರೆ ಗುಳ್ಳೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ.

ಈ ಕೆಲಸಕ್ಕೆ ಎರಡು ದ್ರಾವಣ ಸಿಗುತ್ತವೆ. ಮೈಕ್ರೋ ಸೆಟ್ ಎನ್ನುವುದಕ್ಕೆ ನೀಲಿ ಲೇಬಲ್, ಮೈಕ್ರೋ ಸೋಲ್‌ಗೆ ಕೆಂಪು. ಮೊದಲನೆಯದನ್ನು ಡೆಕಲ್ಲಿನ ಅಡಿಗೆ, ಎರಡನೆಯದನ್ನು ಮೇಲೆ ಹಚ್ಚಬೇಕು. ಮೊದಲನೆಯದರ ವಾಸನೆ ವಿನೆಗರ್‌ನಂತೆ. ಅದು ಸಿಗದವರು ಅಡುಗೆಯ ಬಿಳಿ ವಿನೆಗರಿಗೆ ನೀರು ಬೆರೆಸಿ ಕೆಲಸ ನಡೆಸುತ್ತಾರೆ, ಸಪಾಟಾದ ಜಾಗಕ್ಕೆ ಅದು ಸಾಕು. ಎರಡನೆಯದಕ್ಕೆ ಬದಲಿ ಹುಡುಕಬೇಡಿ. ಅದು ಡೆಕಲ್ಲನ್ನು ಮೆತ್ತಗೆ ಮಾಡಿ ಕೆಳಗಿನ ಗೀರುಗಳಿಗೂ ಬಾಗಿಸುತ್ತದೆ. ಹಚ್ಚಿದ ಸ್ವಲ್ಪ ಹೊತ್ತಿಗೆ ಡೆಕಲ್ ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ. ಮಕ್ಕಳು ಹೆದರುವುದು ಇಲ್ಲೇ. ಬೆರಳಿಂದ ಸರಿಮಾಡಲು ಹೋದರೆ ಹರಿದು ಕೈಗೆ ಬರುತ್ತದೆ. ಸುಮ್ನೆ ಬಿಟ್ಟು ಎದ್ದು ಹೋಗಿ. ಒಣಗುತ್ತಾ ತಾನೇ ಬಿಗಿದು ಬಣ್ಣದ ಜೊತೆ ಒಂದಾಗುತ್ತದೆ. ಮಾರನೆ ದಿನ ಎಲ್ಲಾದರೂ ಗುಳ್ಳೆ ಉಳಿದಿದ್ದರೆ ಸಣ್ಣ ಸೂಜಿಯಿಂದ ಚುಚ್ಚಿ ಅದರ ಮೇಲೆ ಇನ್ನೊಂದು ಹನಿ.

747ರಲ್ಲಿ ಅತಿ ಕಷ್ಟದ ಜಾಗ ಪೈಲಟ್ ಕೂರುವ ಕಿಟಕಿಗಳು. ಮೇಲಿನ ಮಹಡಿಯ ಡುಬ್ಬ ಅಲ್ಲಿ ಎರಡೂ ದಿಕ್ಕಿಗೆ ಬಾಗುತ್ತದೆ. ಚಪ್ಪಟೆ ಹಾಳೆ ಗುಂಡು ಮೈಮೇಲೆ ಸುಕ್ಕಿಲ್ಲದೆ ಕೂರಲು ಸಾಧ್ಯವೇ ಇಲ್ಲ ಅಲ್ವಾ? ಗಾಜುಗಳ ನಡುವಿನ ಪಟ್ಟಿಗಳಲ್ಲಿ ಹೊಸ ಬ್ಲೇಡಿನಿಂದ ಸಣ್ಣ ಕಚ್ಚು ಕೊಟ್ಟರೆ ಅಂಚುಗಳು ಒಂದರ ಮೇಲೊಂದು ಕೂರುತ್ತವೆ. ಎಂಜಿನ್ ಕವಚಕ್ಕೂ ಇದೇ ಉಪಾಯ.

ಕಿಟ್ ಹಳೆಯದಾಗಿದ್ದರೆ ಬೇರೆ ತೊಂದರೆ. ಹಾಳೆ ಹಳದಿಯಾಗಿದ್ದರೆ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚಿತ್ರದ ಮುಖ ಹೊರಗೆ ಮಾಡಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಅಂಟಿಸಿಡಿ. ನಮ್ಮ ಹುಬ್ಬಳ್ಳಿ ಬಿಸಿಲಿಗೆ ದಿನ ಕಳೆದಂತೆ ಹಳದಿ ಇಳಿಯುತ್ತದೆ. ಪದರ ಒಣಗಿ ಬಿರುಸಾಗಿದ್ದರೆ ನೀರಿಗೆ ಬಿದ್ದೊಡನೆ ಚೂರುಚೂರಾಗುತ್ತದೆ. ಅದಕ್ಕೇ ಬೇಡದ ಒಂದು ಅಕ್ಷರವನ್ನು ಮೊದಲು ನೆನೆಸಿ ನೋಡಬೇಕು. ಒಡೆದರೆ ಉಳಿದ ಹಾಳೆಗೆ ತೆಳ್ಳಗೆ ಕ್ಲಿಯರ್ ಲ್ಯಾಕರ್ ಹೊಡೆದು ಒಣಗಿಸಿ. ಹಾಗೆ ಮಾಡಿದ ಮೇಲೆ ಇಡೀ ಹಾಳೆಗೇ ಪದರ ಬಂದಿರುತ್ತದೆ, ಆದ್ದರಿಂದ ಒಂದೊಂದು ಚಿತ್ರವನ್ನೂ ಅಂಚಿಗೆ ಹತ್ತಿ ಕತ್ತರಿಸಬೇಕು.

ಮನೆಯ ಪ್ರಿಂಟರಿನಲ್ಲೇ ಡೆಕಲ್ ಮಾಡಿಕೊಳ್ಳಬಹುದೇ ಎಂದು ಅಂಗಡಿಗೆ ಬಂದ ಹುಡುಗರು ಕೇಳುತ್ತಾರೆ. ಆಗುತ್ತದೆ. ಇಂಕ್‌ಜೆಟ್ ಆದರೆ ನೀರಿಗೆ ಹಾಕುವ ಮೊದಲು ಕ್ಲಿಯರ್ ಲ್ಯಾಕರ್ ಹೊಡೆಯಲೇಬೇಕು, ಇಲ್ಲದಿದ್ದರೆ ಶಾಯಿ ಹರಿದುಹೋಗುತ್ತದೆ. ಸಾಮಾನ್ಯ ಪ್ರಿಂಟರುಗಳಲ್ಲಿ ಬಿಳಿ ಶಾಯಿ ಇಲ್ಲ. ಕೆಂಪು ಬಾಲದ ಮೇಲೆ ಬಿಳಿ ಅಕ್ಷರ ಬೇಕೆಂದರೆ ನಮ್ಮಂಥ ಸ್ಕ್ರೀನ್ ಪ್ರಿಂಟಿಂಗಿನವರ ಹತ್ತಿರವೇ ಬರಬೇಕು. ದಯವಿಟ್ಟು ಬನ್ನಿ. ಊರೂರಲ್ಲಿ ನಮ್ಮ ಕಸುಬಿನವರಿದ್ದಾರೆ, ಹೊಸ ಕೆಲಸ ಎಂದರೆ ಅವರಿಗೂ ಹುಮ್ಮಸ್ಸು.

ಎಲ್ಲ ಒಣಗಿದ ಮೇಲೆ ಒದ್ದೆ ಹತ್ತಿಯಿಂದ ಸುತ್ತಲಿನ ಅಂಟಿನ ಕಲೆ ಒರೆಸಿ, ತೆಳ್ಳನೆಯ ಕ್ಲಿಯರ್ ಕೋಟ್ ಕೊಡಿ. ಮೊದಲನೆಯ ಕೋಟ್ ಇಬ್ಬನಿಯಷ್ಟೇ ಇರಲಿ. ಒಮ್ಮೆಗೇ ದಪ್ಪ ಹೊಡೆದರೆ ಲ್ಯಾಕರಿನ ಥಿನ್ನರ್ ಡೆಕಲ್ಲನ್ನೇ ತಿನ್ನುತ್ತದೆ.

ಏರ್ ಇಂಡಿಯಾದ ಕೊನೆಯ 747 ಮುಂಬೈಯಿಂದ ಹೊರಟುಹೋದದ್ದು 2024ರ ಏಪ್ರಿಲ್ 22ರಂದು. ಇನ್ನು ಆ ಕಂಪನಿಯ ಹೆಸರಿನಲ್ಲಿ ಅದನ್ನು ನಮ್ಮ ಆಕಾಶದಲ್ಲಿ ನೋಡಲು ಸಿಗುವುದಿಲ್ಲ. ಕೆಂಪು ಕಮಾನಿನ ಕಿಟಕಿಗಳು ಅದಕ್ಕಿಂತ ಮೊದಲೇ ಹೋದವು. ಈಗಿನ ಮಕ್ಕಳು ಅವನ್ನು ಕೈಯಲ್ಲಿ ಹಿಡಿದು ನೋಡಬೇಕಾದರೆ ಯಾರಾದರೂ ಸರಿಯಾಗಿ ಕಟ್ಟಬೇಕು. ಅದಕ್ಕೇ ನನಗೆ ಇದರ ಬಗ್ಗೆ ಇಷ್ಟು ಕಾಳಜಿ.

ನನ್ನ ವಿನಂತಿ ಇಷ್ಟೇ. ನಿಮ್ಮ ಲೇಖನದ ಮುಂದಿನ ಭಾಗದಲ್ಲಿ ಡೆಕಲ್ ವಿಷಯಕ್ಕೆ ಜಾಗ ಕೊಡಿ, ಚಿತ್ರಗಳ ಸಮೇತ. ಅದನ್ನು ಬೇಸಿಗೆ ರಜೆಗೆ ಮೊದಲೇ ಹಾಕಿದರೆ ಒಳ್ಳೆಯದು. ಮಳೆಗಾಲದಲ್ಲಿ ಗಾಳಿಯ ಪಸೆಗೆ ಲ್ಯಾಕರ್ ಬೆಳ್ಳಗೆ ಮಂಕಾಗುತ್ತದೆ, ಒಣಗುವುದೂ ನಿಧಾನ. ಏಪ್ರಿಲ್, ಮೇ ತಿಂಗಳಲ್ಲಿ ಆ ತೊಂದರೆ ಇಲ್ಲ. ಧೂಳು ಮಾತ್ರ ಜಾಸ್ತಿ, ಬಣ್ಣ ಹೊಡೆದ ಕೂಡಲೇ ಮಾಡೆಲ್ ಮೇಲೆ ರಟ್ಟಿನ ಡಬ್ಬಿ ಬೋರಲು ಹಾಕಿ ಮುಚ್ಚಿಡಲು ಹೇಳಿ.

ಇಂತಿ ನಿಮ್ಮ ಓದುಗಳು,
ಒಬ್ಬ ಸ್ಕ್ರೀನ್ ಪ್ರಿಂಟರ್, ಹುಬ್ಬಳ್ಳಿ