ಅಗ್ಗದ ಡೀಸೆಲ್ ವ್ಯಾಗನ್: ಇಂಜಿನ್ ತಣ್ಣಗಿರುವಾಗಲೇ ನೋಡಿ

ಸಂಪಾದಕರಿಗೆ,

ಮಾನ್ಯರೆ,

ಪತ್ರಿಕೆಗಳ ವರ್ಗೀಕೃತ ಜಾಹೀರಾತುಗಳಲ್ಲಿ ‘ಡೀಸೆಲ್, ಸಿಂಗಲ್ ಓನರ್, ಎಫ್‌ಸಿ ಕರೆಂಟ್, ಗುಡ್ ಕಂಡಿಷನ್’ ಎಂಬಷ್ಟರಲ್ಲೇ ಮುಗಿದುಹೋಗುವ ಹಳೆಯ ಸ್ಟೇಷನ್ ವ್ಯಾಗನ್‌ಗಳು ಆಗೀಗ ಕಾಣಿಸುತ್ತವೆ. ಒಂದು ಒಳ್ಳೆಯ ಬೈಕಿನ ದುಡ್ಡಿಗೆ ಐದು ಜನ ಕೂರುವ, ಸೀಟು ಮಡಚಿದರೆ ಕ್ಯಾಟರಿಂಗ್ ಪಾತ್ರೆಯೋ ಹೂವಿನ ಬುಟ್ಟಿಯೋ ಸಲೀಸಾಗಿ ಹಿಡಿಸುವ ಗಾಡಿ ಸಿಗುತ್ತದೆಂದರೆ ಸಣ್ಣ ವ್ಯಾಪಾರಸ್ಥರಿಗೆ ಆಸೆಯಾಗುವುದು ಸಹಜ. ಆದರೆ ಕೊಳ್ಳುವವರು ನೋಡುವುದು ಬಣ್ಣ, ಸೀಟ್ ಕವರ್ ಮತ್ತು ಕಿಲೋಮೀಟರ್ ಮೀಟರ್. ಈ ವಯಸ್ಸಿನ ಗಾಡಿಯಲ್ಲಿ ಆ ಮೂರೂ ಏನನ್ನೂ ಹೇಳುವುದಿಲ್ಲ.

ನಮ್ಮ ದೇಶದಲ್ಲಿ ವ್ಯಾಗನ್‌ಗಳು ಬಂದದ್ದೇ ಕಡಿಮೆ. 1992ರ ಟಾಟಾ ಎಸ್ಟೇಟ್ ಈಗ ಹಳೆಯ ಕಾರು ಕೂಡಿಡುವವರ ಪಾಲು. ಮಾರುತಿಯ ಬಲೆನೊ ಆಲ್ಟುರಾ, ಓಪೆಲ್ ಸ್ವಿಂಗ್ ಪೆಟ್ರೋಲ್ ಗಾಡಿಗಳು. ಹೀಗಾಗಿ ಅಗ್ಗದ ಡೀಸೆಲ್ ವ್ಯಾಗನ್ ಎಂದರೆ ಹೆಚ್ಚುಕಡಿಮೆ ಎರಡೇ: 2004ರಲ್ಲಿ ಬಂದ ಟಾಟಾ ಇಂಡಿಗೊ ಮರೀನಾದ 1405 ಸಿಸಿ ಡೀಸೆಲ್, ಮತ್ತು ಸ್ಕೋಡಾ ಆಕ್ಟೇವಿಯಾ ಕಾಂಬಿಯ 1896 ಸಿಸಿ ಟಿಡಿಐ ಎಂಬ ಡೀಸೆಲ್. ಎರಡರಲ್ಲೂ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ, ಎರಡರಲ್ಲೂ ವಾಲ್ವ್‌ಗಳನ್ನು ಪಿಸ್ಟನ್ನಿನ ತಾಳಕ್ಕೆ ಓಡಿಸುವ ಟೈಮಿಂಗ್ ಬೆಲ್ಟ್. ಸ್ವಭಾವ ಮಾತ್ರ ಬೇರೆ ಬೇರೆ.

ನೋಡಲು ಬರುವ ಹೊತ್ತು ತಿಳಿಸುವಾಗಲೇ ‘ಬೆಳಿಗ್ಗೆಯಿಂದ ಸ್ಟಾರ್ಟ್ ಮಾಡಬೇಡಿ’ ಎಂದು ಹೇಳಿರಬೇಕು. ಹೋದ ಕೂಡಲೇ ಬಾನೆಟ್ ಎತ್ತಿಸಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ. ಬೆಚ್ಚಗಿದ್ದರೆ ಟೀ ಕುಡಿದು ವಾಪಸ್ ಬನ್ನಿ, ನಾಳೆ ಹೋದರಾಯಿತು. ಬಿಸಿಯಾದ ಡೀಸೆಲ್ ಇಂಜಿನ್ ತನ್ನ ರೋಗವನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಡೀಸೆಲ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ಗಾಳಿಯನ್ನು ಒತ್ತಿದಾಗ ಹುಟ್ಟುವ ಶಾಖಕ್ಕೇ ಇಂಧನ ಹತ್ತಿಕೊಳ್ಳಬೇಕು. ಪಿಸ್ಟನ್ ರಿಂಗ್ ಸವೆದು ಕಂಪ್ರೆಷನ್, ಅಂದರೆ ಒತ್ತಿದ ಗಾಳಿ, ಸೋರುತ್ತಿದ್ದರೆ ಅದು ಬಯಲಾಗುವುದು ತಣ್ಣನೆಯ ಮೊದಲ ಸೆಲ್ಫಿನಲ್ಲೇ.

ಇಲ್ಲಿ ಎರಡು ಗಾಡಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮರೀನಾದ್ದು ಹಳೆಯ ಕಾಲದ ಇನ್‌ಡೈರೆಕ್ಟ್ ಇಂಜೆಕ್ಷನ್. ಹೆಡ್ಡಿನೊಳಗಿನ, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳದೊಳಗಿನ, ಪುಟ್ಟ ಕೋಣೆಯಲ್ಲಿ ಬೆಂಕಿ ಹತ್ತಬೇಕು, ಆ ಕೋಣೆಯ ಗೋಡೆಯೇ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಅದಕ್ಕೇ ಸ್ಟಾರ್ಟ್ ಮಾಡುವ ಮುನ್ನ ಆ ಕೋಣೆಗಳನ್ನು ಕಾಯಿಸುವ ನಾಲ್ಕೂ ಹೀಟರ್ ಪ್ಲಗ್ ಸರಿಯಿರಬೇಕು. ಎರಡು ಸತ್ತಿದ್ದರೂ ಬೆಳಿಗ್ಗೆ ಕುಂಟುತ್ತದೆ, ಬಿಳಿ ಹೊಗೆ ಉಗುಳುತ್ತದೆ. ಇದು ಸಣ್ಣ ಖರ್ಚಿನ ರಿಪೇರಿ, ಚೌಕಾಸಿಗೆ ಒಳ್ಳೆಯ ಕಾರಣ. ಪ್ಲಗ್‌ಗಳನ್ನು ಜೋಡಿಸುವ ಪಟ್ಟಿ ಬಿಚ್ಚಿ, ಬ್ಯಾಟರಿಯ ಪಾಸಿಟಿವ್‌ನಿಂದ 12 ವೋಲ್ಟ್ ಟೆಸ್ಟ್ ಬಲ್ಬಿನ ಮೂಲಕ ಒಂದೊಂದೇ ಪ್ಲಗ್ಗಿಗೆ ಮುಟ್ಟಿಸಿದರೆ ಸಾಕು. ಬಲ್ಬ್ ಉರಿದರೆ ಪ್ಲಗ್ ಬದುಕಿದೆ. ಆಕ್ಟೇವಿಯಾದ್ದು ಡೈರೆಕ್ಟ್ ಇಂಜೆಕ್ಷನ್, ಡೀಸೆಲ್ ನೇರ ಸಿಲಿಂಡರಿಗೇ ಬೀಳುತ್ತದೆ. ನಮ್ಮ ಹವೆಯಲ್ಲಿ ಅದು ಹೀಟರ್ ಪ್ಲಗ್ಗಿನ ಹಂಗಿಲ್ಲದೆಯೂ ಸ್ಟಾರ್ಟ್ ಆಗಬೇಕು. ಹಾಗಿರುವಾಗ ದಾವಣಗೆರೆಯ ಏಪ್ರಿಲ್ ಬೆಳಗಿನಲ್ಲಿ ಕಾಂಬಿ ಐದಾರು ಸೆಲ್ಫ್ ತಿನ್ನುತ್ತಿದ್ದರೆ, ಮಾರುವವರು ‘ಹೀಟರ್ ಪ್ಲಗ್ ಅಷ್ಟೇ ಸಾರ್’ ಎಂದರೆ ನಂಬಬೇಡಿ. ಕಂಪ್ರೆಷನ್ ಹೋಗಿರಬೇಕು, ಇಲ್ಲವೇ ಡೀಸೆಲ್ ಲೈನಿನಲ್ಲಿ ಏರ್ ಹಿಡಿಯುತ್ತಿರಬೇಕು, ಇಲ್ಲವೇ ಬೆಲ್ಟ್ ಹಾಕುವಾಗ ಪಂಪ್ ಟೈಮಿಂಗ್ ತಪ್ಪಿರಬೇಕು.

ಏರ್ ಹಿಡಿಯುವುದು ಈಚೆಗೆ ಹೆಚ್ಚು ಕಾಣುವ ತೊಂದರೆ. ನಾಜಲ್‌ಗಳಿಗೆ ಡೀಸೆಲ್ ಒತ್ತಿ ಕಳಿಸುವುದು ಎರಡೂ ಗಾಡಿಗಳಲ್ಲಿ ಹಳೆಯ ರೋಟರಿ ಪಂಪ್. ವರ್ಷಗಟ್ಟಲೆ ಹಳೆಯ ಡೀಸೆಲ್‌ಗೆ ಒಗ್ಗಿದ ರಬ್ಬರ್ ಸೀಲ್‌ಗಳು ಗಂಧಕ ಕಡಿಮೆಯಿರುವ ಈಗಿನ ಡೀಸೆಲ್‌ನಲ್ಲಿ ಕುಗ್ಗಿ ಸೋರುವುದುಂಟು. ನಾಜಲ್‌ಗಳ ನಡುವಿನ ಬಟ್ಟೆ ಹೊದ್ದ ರಿಟರ್ನ್ ಪೈಪುಗಳೂ ಒಣಗಿ ಬಿರಿಯುತ್ತವೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಡೀಸೆಲ್ ಟ್ಯಾಂಕಿಗೆ ಜಾರಿ, ಆ ಜಾಗಕ್ಕೆ ಗಾಳಿ ಬರುತ್ತದೆ. ಪಂಪಿಗೆ ಹೋಗುವ ಲೈನಿನಲ್ಲಿ ಒಂದು ಗೇಣು ಪಾರದರ್ಶಕ ಪೈಪ್ ಸೇರಿಸಿ ನೋಡಿದರೆ ಗುಳ್ಳೆಗಳು ಸಾಲಾಗಿ ಓಡುವುದು ಕಾಣುತ್ತದೆ. ಫಿಲ್ಟರಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಡೀಸೆಲ್ ಬಿಡಿ. ತಳದಲ್ಲಿ ನೀರು ನಿಂತರೆ, ತುಕ್ಕಿನ ಪುಡಿ ಕಂಡರೆ ಪಂಪಿನ ಒಳಗೂ ಅದೇ ಹೋಗಿದೆ ಎಂದು ಲೆಕ್ಕ ಹಿಡಿಯಿರಿ.

ಸ್ಟಾರ್ಟ್ ಆದ ಮೇಲೆ ಸೈಲೆನ್ಸರ್ ಹಿಂದೆ ಒಬ್ಬರು ನಿಲ್ಲಲಿ. ಕಣ್ಣು ಉರಿಸುವ, ಡೀಸೆಲ್ ವಾಸನೆಯ ಬಿಳಿ ಹೊಗೆ ಒಂದೆರಡು ನಿಮಿಷದಲ್ಲಿ ನಿಂತರೆ ಚಿಂತೆಯಿಲ್ಲ. ನಿಲ್ಲದೆ ಬರುತ್ತಿದ್ದು ಸಿಹಿ ವಾಸನೆಯಿದ್ದರೆ ಕೂಲೆಂಟ್ ಸುಡುತ್ತಿದೆ, ಅಂದರೆ ಹೆಡ್ಡಿನ ಕೆಳಗೆ ಕೂರುವ ಸೀಲು, ಹೆಡ್ ಗ್ಯಾಸ್ಕೆಟ್, ಹೋಗಿದೆ. ನೀಲಿ ಹೊಗೆ ಇಂಜಿನ್ ಆಯಿಲ್‌ನದು: ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬರುವ ಕಪ್ಪು ಹೊಗೆಗೆ ಏರ್ ಫಿಲ್ಟರ್, ನಾಜಲ್, ಟರ್ಬೊ ಹೋಸಿನ ಬಿರುಕು, ಹೊಗೆಯನ್ನು ಸ್ವಲ್ಪ ಇಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವ್ ಹೀಗೆ ಕಾರಣಗಳು ಹಲವು, ಹೆಚ್ಚಿನವು ಸರಿಹೋಗುವಂಥವೇ. ಆಕ್ಟೇವಿಯಾದಲ್ಲಿ ಏರ್ ಮಾಸ್ ಸೆನ್ಸರ್ ಕೆಟ್ಟು ಪಿಕಪ್ ಸತ್ತಿರುವುದೂ ಸಾಮಾನ್ಯ.

ಆಮೇಲೆ ಬ್ಯಾಕ್ ಕಂಪ್ರೆಷನ್, ಅಂದರೆ ಸಿಲಿಂಡರಿನ ಗಾಳಿ ಪಿಸ್ಟನ್ ದಾಟಿ ಕೆಳಗೆ ಆಯಿಲ್ ಇರುವ ಕಡೆ ನುಗ್ಗುವುದು. ಐಡಲ್‌ನಲ್ಲಿ ಓಡುತ್ತಿರುವಾಗ ಆಯಿಲ್ ಫಿಲ್ಲರ್ ಕ್ಯಾಪ್ ತಿರುಗಿಸಿ ತೆಗೆದು, ಬೋರಲಾಗಿ ಅದೇ ಬಾಯಿಯ ಮೇಲಿಡಿ. ಕ್ಯಾಪ್ ಸಣ್ಣಗೆ ನಡುಗಿದರೆ ಸಹಜ, ಯಾವ ಡೀಸೆಲ್‌ನಲ್ಲೂ ಅಷ್ಟು ಇರುತ್ತದೆ. ಕುದಿಯುವ ಅನ್ನದ ಪಾತ್ರೆಯ ತಟ್ಟೆಯ ಹಾಗೆ ಕುಣಿದು ಬಿದ್ದರೆ, ಡಿಪ್‌ಸ್ಟಿಕ್ ಎಳೆದ ತೂತಿನಿಂದಲೂ ಹೊಗೆ ದಬದಬ ಬಂದರೆ, ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಸವೆದು ಮುಗಿದಿದೆ. ಅನುಮಾನ ಬಂದಲ್ಲಿ ಹೀಟರ್ ಪ್ಲಗ್ ಬಿಚ್ಚಿ ಆ ತೂತಿಗೆ ಕಂಪ್ರೆಷನ್ ಗೇಜ್ ಹಾಕಿಸಿ. ಆಕ್ಟೇವಿಯಾದ 1.9 ಟಿಡಿಐಗೆ ಹೊಸದರಲ್ಲಿ 25ರಿಂದ 31 ಬಾರ್. 19ಕ್ಕಿಂತ ಕೆಳಗಿಳಿದರೆ ಸವೆದಿದೆ ಎಂದರ್ಥ, ಸಿಲಿಂಡರ್‌ಗಳ ನಡುವೆ 5 ಬಾರ್‌ಗಿಂತ ಹೆಚ್ಚು ಅಂತರವೂ ಇರಬಾರದು. ಮರೀನಾದಲ್ಲಿ ಅಂಕಿಗಿಂತ ನಾಲ್ಕರ ಹೊಂದಾಣಿಕೆ ನೋಡಿದರೆ ಸಾಕು. ಒಂದು ಮಾತ್ರ ಕೆಳಗಿದ್ದರೆ ಹೆಡ್ ಬಿಚ್ಚುವ ಕೆಲಸವೆಂದೇ ತಿಳಿಯಿರಿ.

ಹೆಡ್ ಗ್ಯಾಸ್ಕೆಟ್‌ಗೆ ಇನ್ನೊಂದು ಸುಲಭ ಪರೀಕ್ಷೆ ಇದೆ. ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ರೇಡಿಯೇಟರ್ ಹೋಸ್ ಕಲ್ಲಿನಂತೆ ಬಿಗಿದರೆ ಅದು ಬಿಸಿಗೆ ಬಿಗಿದದ್ದಲ್ಲ, ಸಿಲಿಂಡರಿನ ಗಾಳಿ ನೀರಿಗೆ ನುಗ್ಗಿದೆ. ಕೂಲೆಂಟ್ ಡಬ್ಬಿಯಲ್ಲಿ ಎಣ್ಣೆಯ ಪದರ ಕಂಡರೂ ಗ್ಯಾಸ್ಕೆಟ್ ಎಂದೇ ತೀರ್ಮಾನಿಸಬೇಕಿಲ್ಲ. ಆಕ್ಟೇವಿಯಾದಲ್ಲಿ ಆಯಿಲ್ ಫಿಲ್ಟರ್ ಬುಡದ ಆಯಿಲ್ ಕೂಲರ್ ಒಳಗೊಳಗೇ ಸೋರಿದರೂ ಹೀಗಾಗುತ್ತದೆ, ಅದು ಹೆಡ್ ಬಿಚ್ಚುವುದಕ್ಕಿಂತ ತೀರಾ ಸಣ್ಣ ಕೆಲಸ. ಡಬ್ಬಿಯಲ್ಲಿ ಬಣ್ಣದ ಕೂಲೆಂಟ್ ಬದಲು ಬರೀ ಕೊಳಾಯಿ ನೀರಿದ್ದರೆ, ಆ ಮಾಲೀಕರು ಉಳಿದದ್ದನ್ನು ಹೇಗೆ ನೋಡಿಕೊಂಡಿದ್ದಾರೆಂದು ಬೇರೆ ಕೇಳಬೇಕಿಲ್ಲ.

ಇನ್ನು ಟೈಮಿಂಗ್ ಬೆಲ್ಟ್. ಬದಲಾಯಿಸಿದ ಬಿಲ್ಲು, ಅದರಲ್ಲಿ ತಾರೀಖು ಮತ್ತು ಕಿಲೋಮೀಟರ್ ಇದ್ದರೆ ಮಾತ್ರ ಬದಲಾಗಿದೆ. ‘ಹೋದ ವರ್ಷ ಹಾಕಿಸಿದ್ದೆ’ ಎಂಬ ಬಾಯಿಮಾತಿಗೆ ಬೆಲೆಯಿಲ್ಲ. ಕಡಿಮೆ ಓಡಿದ ಗಾಡಿಯೆಂದು ಸಮಾಧಾನಪಡುವಂತೆಯೂ ಇಲ್ಲ. ರಬ್ಬರ್ ನಿಂತಲ್ಲೇ ಹಳತಾಗುತ್ತದೆ, ಐದು ವರ್ಷ ದಾಟಿದ ಬೆಲ್ಟನ್ನು ಓಡಿಸುವುದೇ ಅಪಾಯ. ಬೆಲ್ಟ್ ಕಡಿದರೆ ವಾಲ್ವ್‌ಗಳು ನಿಂತಲ್ಲೇ ನಿಲ್ಲುತ್ತವೆ, ಪಿಸ್ಟನ್ ಬಂದು ಬಡಿಯುತ್ತದೆ, ವಾಲ್ವ್ ಬಾಗಿ ಹೆಡ್ ಕೆಳಗಿಳಿಯಬೇಕಾಗುತ್ತದೆ. ಆ ರಿಪೇರಿ ಇಂಥ ಗಾಡಿಯ ಬೆಲೆಯನ್ನೇ ನುಂಗಬಹುದು. ಬೆಲ್ಟ್ ಜತೆಗೆ ಟೆನ್ಶನರ್, ಐಡ್ಲರ್ ಬೇರಿಂಗ್ ಹೋಗಬೇಕು. ಆಕ್ಟೇವಿಯಾದಲ್ಲಿ ವಾಟರ್ ಪಂಪ್ ತಿರುಗುವುದೂ ಇದೇ ಬೆಲ್ಟಿನಿಂದ, ಆದ್ದರಿಂದ ಅದನ್ನೂ ಒಟ್ಟಿಗೇ ಹಾಕಿಸಿ. ಹಳೆಯ ಪಂಪಿನ ಬೇರಿಂಗ್ ಜಾಮ್ ಆದರೆ ಹೊಸ ಬೆಲ್ಟೂ ಉಳಿಯುವುದಿಲ್ಲ.

ಹೊಗೆ ತಪಾಸಣೆಯ ವಿಷಯದಲ್ಲಿ ಹಲವರಿಗೆ ಹೊಳೆಯದ ಒಂದು ಸಂಗತಿ ಇದೆ. ಡೀಸೆಲ್ ಗಾಡಿಗೆ ಎಮಿಷನ್ ಟೆಸ್ಟ್ ಎಂದರೆ ಇಂಜಿನ್ನನ್ನು ಪದೇ ಪದೇ ಪೂರ್ತಿ ರೈಸ್ ಮಾಡಿ ಹೊಗೆಯ ಸಾಂದ್ರತೆ ಅಳೆಯುವುದು. ಬಿಎಸ್-4ಕ್ಕಿಂತ ಹಿಂದಿನ ಗಾಡಿಗೆ ಮಿತಿ 65 ಎಚ್‌ಎಸ್‌ಯು (ಹೊಗೆಯ ಸಾಂದ್ರತೆಯ ಅಳತೆ), ಬಿಎಸ್-4ಕ್ಕೆ 50. ಹಳೆಯ ಬೆಲ್ಟಿನ ಗಾಡಿ ಹೀಗೆ ರೈಸ್ ಮಾಡುವಾಗಲೇ ಬೆಲ್ಟ್ ಕಡಿದುಕೊಳ್ಳಬಹುದು. ಬೆಲ್ಟ್ ಮೊದಲು, ಟೆಸ್ಟ್ ಆಮೇಲೆ. ಮರೀನಾ, ಕಾಂಬಿಗಳಿಗೆ ಸರ್ಟಿಫಿಕೇಟ್ ಅವಧಿ ಆರು ತಿಂಗಳು ಮಾತ್ರ ಎಂಬುದೂ ನೆನಪಿರಲಿ.

ಟರ್ಬೊ ನೋಡಲು ಗಾಳಿ ಹೋಗುವ ಹೋಸ್ ಬಿಚ್ಚಿ ಬೆರಳಿನಿಂದ ಶಾಫ್ಟ್ ಅಲುಗಿಸಿ. ಅಕ್ಕಪಕ್ಕ ಕೂದಲೆಳೆಯಷ್ಟು ಆಡಿದರೆ ಸರಿ, ಹಿಂದೆಮುಂದೆ ಆಡಕೂಡದು. ಹೋಸಿನಲ್ಲಿ ಎಣ್ಣೆಯ ತೇವ ಇದ್ದೇ ಇರುತ್ತದೆ, ಮಡುಗಟ್ಟಿ ನಿಂತಿರಬಾರದು. ಕ್ಲಚ್ಚಿಗೆ: ನಾಲ್ಕನೇ ಗೇರಿನಲ್ಲಿ 40ರ ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಶಬ್ದ ಏರಿ ವೇಗ ಏರದಿದ್ದರೆ ಪ್ಲೇಟ್ ಮುಗಿದಿದೆ. ಟೈರಿನ ಮೇಲಿನ ನಾಲ್ಕಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರದ್ದು, ಗುಂಡಿ ಎಷ್ಟೇ ಆಳವಿದ್ದರೂ ಬದಲಿಸಬೇಕು.

ವ್ಯಾಗನ್‌ನ ಅಸಲಿ ಗುಟ್ಟು ಇರುವುದು ಹಿಂಭಾಗದಲ್ಲಿ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಕೂರುವ ಗುಂಡಿ ನೋಡಿ. ನೀರು ನಿಂತ ಗೆರೆ, ತುಕ್ಕು, ಹೊಸ ವೆಲ್ಡಿಂಗ್ ಇದ್ದರೆ ಹಿಂದಿನಿಂದ ಏಟು ಬಿದ್ದಿದೆ ಅಥವಾ ಬಾಗಿಲಿನ ರಬ್ಬರ್ ಸೋರುತ್ತಿದೆ. ಕರಾವಳಿಯಲ್ಲಿ ಮೀನು ಸಾಗಿಸಿದ ಗಾಡಿಯ ಹಿಂದಿನ ಸಸ್ಪೆನ್ಷನ್ ಟವರ್ ಒಳಗಿಂದಲೇ ತಿಂದುಹೋಗಿರುತ್ತದೆ. ಸಂಶಯವಿದ್ದಲ್ಲಿ ಅಯಸ್ಕಾಂತ ಹಿಡಿಯಿರಿ, ಪುಟ್ಟಿ ತುಂಬಿದಲ್ಲಿ ಅಂಟುವುದಿಲ್ಲ. ಡಿಕ್ಕಿ ಬಾಗಿಲಿನ ಹಿಂಜಿನ ಹತ್ತಿರ ವೈರುಗಳು ಮಡಚಿ ಮಡಚಿ ಕಡಿಯುತ್ತವೆ. ಹಿಂದಿನ ವೈಪರ್, ಡಿಫಾಗರ್, ನಂಬರ್ ಪ್ಲೇಟ್ ದೀಪ ಮೂರೂ ಒಟ್ಟಿಗೆ ಸತ್ತಿದ್ದರೆ ಇದೇ ಕಾರಣ. ಮರೀನಾದ ಹಿಂದಿನ ಟೈರುಗಳ ಒಳಅಂಚು ಸವೆದಿದ್ದರೆ ಲಿಂಕ್ ಬುಷ್‌ಗಳು ಹೋಗಿವೆ, ಬರೀ ಟೈರ್ ಹಾಕಿದರೆ ದಂಡ.

ಬಿಡಿಭಾಗದ ಲೆಕ್ಕವೂ ಇಲ್ಲೇ ಬರುತ್ತದೆ. ಮರೀನಾದ ಇಂಜಿನ್, ಗೇರ್‌ಬಾಕ್ಸ್, ಮುಂಭಾಗದ ಸಾಮಾನು ಇಂಡಿಕಾ, ಇಂಡಿಗೊದ್ದೇ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ. ಆದರೆ ಡಿಕ್ಕಿ ಬಾಗಿಲಿನ ಗಾಜು, ಹಿಂದಿನ ಲೈಟು, ಹಿಂಬದಿಯ ಪಕ್ಕದ ಗಾಜು ಸೆಡಾನ್‌ನದು ಕೂರುವುದಿಲ್ಲ. ಕಾಂಬಿಗೂ ಇದೇ ಪಾಡು. ಹೀಗಾಗಿ ಮುಂದಿನ ಬಂಪರ್ ಒಡೆದ ಗಾಡಿಗಿಂತ ಹಿಂದಿನ ಲೈಟ್ ಬಿರಿದ ಗಾಡಿಗೆ ಹೆಚ್ಚು ಹೆದರಬೇಕು. ಇಂಜಿನ್ ಗಟ್ಟಿಯಿದ್ದೂ ಒಂದು ಗಾಜಿಗಾಗಿ ತಿಂಗಳುಗಟ್ಟಲೆ ನಿಲ್ಲಬೇಕಾದೀತು.

ಕಾಗದಪತ್ರಕ್ಕೆ ಬಂದರೆ, ಈ ಗಾಡಿಗಳಿಗೆಲ್ಲ 15 ವರ್ಷ ದಾಟಿದೆ. ಜನ ಎಫ್‌ಸಿ ಎನ್ನುವುದು ವಾಸ್ತವದಲ್ಲಿ ಆರ್‌ಸಿ ನವೀಕರಣ, ಪ್ರತಿ ಸಲ ಐದು ವರ್ಷಕ್ಕೆ. ‘ಎಫ್‌ಸಿ ಕರೆಂಟ್’ ಎಂದರೆ ಇನ್ನು ನಾಲ್ಕು ವರ್ಷವೂ ಆಗಬಹುದು, ನಾಲ್ಕು ವಾರವೂ ಆಗಬಹುದು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ ಅದು 10,000 ಆಯಿತು. ತಡ ಮಾಡಿದರೆ ತಿಂಗಳಿಗೆ 500 ದಂಡ, ಹಸಿರು ತೆರಿಗೆ ಬೇರೆ. ಅವಧಿ ಮುಗಿದು ಎರಡು ವರ್ಷ ಮೂಲೆಯಲ್ಲಿ ನಿಂತ ಗಾಡಿಗೆ ದಂಡವೇ 12,000. ವಿಮೆಯಲ್ಲೂ ಸಿಸಿ ನೋಡಬೇಕು: 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರ 1500 ಸಿಸಿವರೆಗಿನ ಮರೀನಾಗೆ 3,416 ರೂಪಾಯಿ, ಅದಕ್ಕೆ ಮೇಲ್ಪಟ್ಟ ಕಾಂಬಿಗೆ 7,897, ಜಿಎಸ್‌ಟಿ ಪ್ರತ್ಯೇಕ.

ದೆಹಲಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಲ್ಲಿಂದ ದಕ್ಷಿಣಕ್ಕೆ ಬಂದ ಗಾಡಿಗಳೂ ಸಂತೆಯಲ್ಲಿವೆ. ತಯಾರಾದದ್ದು 2006ರಲ್ಲಿ, ಕೆಎ ನಂಬರಿನ ಸರಣಿ ಮಾತ್ರ 2017ರ ಸುಮಾರಿನದು ಎಂದಾದರೆ ಹೊರಗಿನಿಂದ ಬಂದದ್ದು. ಅದೇನೂ ತಪ್ಪಲ್ಲ. ಹೊರರಾಜ್ಯದ ನಂಬರೇ ಇನ್ನೂ ಇದ್ದರೆ ಮಾತ್ರ ಅಲ್ಲಿನ ಆರ್‌ಟಿಓ ಎನ್‌ಓಸಿ, ಅಂದರೆ ಫಾರ್ಮ್ 28 ಕೈಗೆ ಬರುವ ತನಕ ದುಡ್ಡು ಕೊಡಬೇಡಿ. ಇಲ್ಲಿನ ಜೀವಾವಧಿ ತೆರಿಗೆಯನ್ನು ಬೆಲೆಗೆ ಸೇರಿಸಿಯೇ ಮಾತಾಡಿ. ಸಾಲ ಇದ್ದ ಗಾಡಿಯಾದರೆ ಫಾರ್ಮ್ 35, ವರ್ಗಾವಣೆಗೆ 29 ಮತ್ತು 30. ಚಾಸಿ ಮೇಲೆ ಕೆತ್ತಿದ ನಂಬರ್ ಆರ್‌ಸಿಯ ಜತೆ ಒಂದೊಂದೇ ಅಕ್ಷರ ತಾಳೆ ಹಾಕಿ.

ನಮ್ಮ ಅಭಿಪ್ರಾಯ ಕೇಳಿದರೆ, ಸಾಮಾನು ಸಾಗಿಸುವ ಕೆಲಸಕ್ಕೆ ತಣ್ಣಗೆ ಸ್ಟಾರ್ಟ್ ಆಗುವ, ಹಿಂಭಾಗ ಗಟ್ಟಿಯಿರುವ, ಆರ್‌ಸಿಗೆ ಮೂರು ವರ್ಷವಾದರೂ ಬಾಕಿಯಿರುವ ಮರೀನಾ ಇವತ್ತಿಗೂ ತೆಗೆದುಕೊಳ್ಳಬಹುದು. ಬೆಲ್ಟ್, ಕೂಲೆಂಟ್, ಫಿಲ್ಟರ್‌ಗಳ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡರಾಯಿತು. ಕಾಂಬಿ ಇನ್ನೂ ಚೆಂದದ ಗಾಡಿ, ಹೆದ್ದಾರಿಯಲ್ಲಿ ಅದರ ಸುಖವೇ ಬೇರೆ. ಆದರೆ ಬಿಲ್ಲುಗಳ ಕಟ್ಟು ಇಲ್ಲದ ಕಾಂಬಿಯನ್ನು ಪುಕ್ಕಟೆ ಕೊಟ್ಟರೂ ಯೋಚಿಸಬೇಕು. ಇವುಗಳಲ್ಲಿ ಬಿಎಸ್-6 ಗಾಡಿಗಳ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇಲ್ಲದ್ದರಿಂದ ಊರೊಳಗಿನ ಸಣ್ಣ ಓಡಾಟಕ್ಕೆ ಕಟ್ಟಿಕೊಳ್ಳುವ ಕಾಟವಿಲ್ಲ. ಊರಿನ ಗಾಳಿಗೆ ಅದು ಒಳ್ಳೆಯದಲ್ಲ ಎಂಬುದೂ ನಿಜವೇ.

ಪತ್ರಿಕೆಗೆ ಒಂದು ಕೋರಿಕೆ. ಹಳೆಯ ವಾಹನಗಳ ಜಾಹೀರಾತಿನಲ್ಲಿ ‘ಎಫ್‌ಸಿ ಕರೆಂಟ್’ ಎಂಬುದರ ಬದಲು ಆರ್‌ಸಿ ಮುಗಿಯುವ ತಿಂಗಳು ಮತ್ತು ವರ್ಷ, ಜತೆಗೆ ಗಾಡಿ ಮೊದಲು ನೋಂದಣಿಯಾದ ರಾಜ್ಯ, ಇವೆರಡನ್ನು ಕಡ್ಡಾಯ ಮಾಡಿ. ಹೆಚ್ಚೆಂದರೆ ಒಂದು ಸಾಲು ಜಾಸ್ತಿಯಾದೀತು.

ಇಂತಿ,
ಡೀಸೆಲ್ ಮೆಕ್ಯಾನಿಕ್‌ಗಳು, ದಾವಣಗೆರೆ