ಹೊಲಗದ್ದೆಯ ಫೋಟೋ ಹಾಕುವವರಿಗೆ

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಹಸಿರು ಗದ್ದೆ, ಹೂ ಬಿಟ್ಟ ಹೊಲದ ಫೋಟೋಗಳೇ ಜಾಸ್ತಿ. ಚೆನ್ನಾಗಿವೆ, ನಿಲ್ಲಿಸಬೇಡಿ. ಆದರೆ ಕೊಯ್ಲಾದ ಮೇಲಿನ ಕೂಳೆ, ಉತ್ತ ಮಣ್ಣು, ಬದುವಿನ ಪೊದೆ ಇವನ್ನೂ ಹಾಕಿ. ಪೊದೆ ಕಂಡರೆ ಹಲವರಿಗೆ ರೈತ ಸೋಮಾರಿ ಅನ್ನಿಸುತ್ತದೆ. ಜೇನ್ನೊಣಕ್ಕೆ, ಹಕ್ಕಿಗೆ ಅದೇ ಆಸರೆ. ಮಣ್ಣು ಕೊಚ್ಚಿ ಹೋಗದಂತೆ ಹಿಡಿಯುವುದೂ ಅದೇ. ಒಂದೇ ಬೆಳೆಯ ಅಚ್ಚುಕಟ್ಟಾದ ಹೊಲದಲ್ಲಿ ಅಷ್ಟು ಜೀವಿಗಳು ಇರುವುದಿಲ್ಲ.

ಫಿಲಿಪ್ಪೀನ್ಸ್‌ನ ಮೆಟ್ಟಿಲು ಗದ್ದೆಗಳನ್ನೇ ನೋಡಿ. 1995ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನೋಡಿಕೊಳ್ಳುವವರು ಕಡಿಮೆಯಾಗಿ 2001ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಹೋದವು, 2012ರಲ್ಲಿ ಹೊರಬಂದವು. ದುಡಿಯುವ ಕೈ ಇದ್ದರೆ ತಾನೇ ಆ ನೋಟ?

ಫೋಟೋ ಜೊತೆ ಬೆಳೆ ಯಾವುದು, ತಿಂಗಳು ಯಾವುದು ಅಂತ ಬರೆಯಿರಿ. ಬೆಳೆದವರನ್ನು ಕೇಳದೆ ಹೊಲಕ್ಕೆ ಇಳಿಯಬೇಡಿ.